ದಬ್ಬೆ ಇಟ್ಟ ಚಜ್ಜ

ಮನ್ಮನೆಯ ಕೆರಿಯಪ್ಪ ಮೂವತ್ತು ವರ್ಷದಿಂದ ಮೇಸ್ತ್ರಿ. ಅವನು ಹಾಕಿದ ಸ್ಲ್ಯಾಬುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಿದ್ದಾಪುರದಿಂದ ಶಿರಸಿಗೆ ಬಿಸಿಲು ತಾಗದಂತೆ ನಡೆದು ಹೋಗಬಹುದು. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಹಿಡಿದೂ ಹಿಡಿದೂ ಬಲಗೈಯ ಮೂರು ಬೆರಳಿಗೆ ಈಗ ಸ್ಪರ್ಶವಿಲ್ಲ. ಬಿಸಿ ಚಾ ಲೋಟವನ್ನು ಆ ಕೈಯಲ್ಲೇ ಹಿಡಿಯುತ್ತಾನೆ. ಅನುಕೂಲ ಎನ್ನುತ್ತಾನೆ.

ಕಾಂಕ್ರೀಟಿನ ಗುಣ ಕೇಳಿದರೆ ಅವನು ಹೇಳುವುದು ಇಷ್ಟೇ: “ಹೇರಿದ್ರೆ ಎತ್ತು, ಎಳೆದ್ರೆ ಹಪ್ಳ.” ತಲೆಯ ಮೇಲೆ ಎಷ್ಟು ಹೇರಿದರೂ ಹೊರುತ್ತದೆ, ಗೆದ್ದಲು ಮೂಸುವುದಿಲ್ಲ. ಆದರೆ ಹಿಡಿದೆಳೆದರೆ ಮುರಿಯುತ್ತದೆ. ಎಳೆತ ತಡೆಯುವುದು ಒಳಗಿನ ಕಬ್ಬಿಣದ ಕಂಬಿ. ನಾಲ್ಕು ಗೋಡೆಯ ಮೇಲೆ ಕೂತ ಸ್ಲ್ಯಾಬಿಗೆ ಕಂಬಿ ತಳದಲ್ಲಿರಬೇಕು. ಗೋಡೆಯಿಂದ ಹೊರಚಾಚಿದ ಚಜ್ಜಕ್ಕೆ ಮೇಲ್ಭಾಗದಲ್ಲಿರಬೇಕು, ಏಕೆಂದರೆ ತುದಿಯ ಭಾರಕ್ಕೆ ಅದು ಬಿರಿಯುವುದು ಮೇಲಿನಿಂದ. ಎರಡು ಇಂಚು ಕೆಳಗಿಳಿದ ಕಂಬಿ ಇದ್ದೂ ಇಲ್ಲದ ಹಾಗೆ. ನಮ್ಮ ಕೆಲವು ನೆಂಟರ ಹಾಗೆ.

ತ್ಯಾಗಲಿಯ ಗೋವಿಂದ ಹೆಗಡೆಯವರ ಮನೆಗೆ ಹನ್ನೊಂದು ವರ್ಷದ ಹಿಂದೆ ಐದಡಿ ಚಜ್ಜ ಹಾಕಿದವನು ಕೆರಿಯಪ್ಪನೇ. ಕಂಬಿಯನ್ನು ಮೇಲೆತ್ತಿ ನಿಲ್ಲಿಸುವ ಕಬ್ಬಿಣದ ಕಾಲುಗಳು ಅವತ್ತು ಸಾಲಲಿಲ್ಲ. “ದಬ್ಬೆ ತುಂಡು ಇಡಾ ಮಾರಾಯ” ಎಂದರು ಹೆಗಡೆಯವರು. ಅಡಿಕೆ ಮರ ಸೀಳಿದ ದಬ್ಬೆ ನಮ್ಮಲ್ಲಿ ಬೇಲಿಗೂ ಆದೀತು, ಅಟ್ಟಕ್ಕೂ ಆದೀತು, ನೀರು ಹರಿಸಲೂ ಆದೀತು; ಅದು ಆಗದ ಜಾಗವೊಂದಿದೆ ಎಂದು ಯಾರಿಗೂ ಹೊಳೆಯದು. ಕೆರಿಯಪ್ಪ ಇಟ್ಟ. ಕಾಂಕ್ರೀಟ್ ಹೊತ್ತವರು ತುಳಿದರು. ತುಂಡುಗಳು ಮಗುಚಿ ಕಂಬಿ ಕುಸಿದದ್ದು ಅವನಿಗೆ ಕಂಡಿತು. ಅಷ್ಟರಲ್ಲಿ ಪಾಯಸದ ಊಟಕ್ಕೆ ಎಲೆ ಹಾಕಿಯಾಗಿತ್ತು. ಕೈ ತೊಳೆದ.

ಈ ಮಾರ್ಚಿನಲ್ಲಿ ಹೆಗಡೆಯವರು ಮತ್ತೆ ಕರೆಸಿದರು. ಮಂಚಿಕೇರಿಯಲ್ಲಿ ಅವರ ತಮ್ಮ ಕಟ್ಟಿಸುವ ಮನೆಯ ಕೆಲಸ ಕೆರಿಯಪ್ಪನಿಗೇ ಎಂದು ಮಾತಾಗಿತ್ತು. ಎರಡು ವರ್ಷದ ಅನ್ನ. ಅದಕ್ಕೆ ಮುಂಚೆ ಚಜ್ಜದ ಬಿರುಕೊಂದು ನೋಡು ಎಂದರು. ಚಜ್ಜದಡಿ ಅವರ ಹೆಂಡತಿ ಪರಿಮಳಾ ಬ್ಲೌಸು ಹೊಲಿಯುತ್ತಿದ್ದರು. ದಿನವಿಡೀ ಅವರು ಕೂರುವುದು ಅಲ್ಲೇ.

ಕೆರಿಯಪ್ಪ ಏಣಿ ಹತ್ತಿದ. ಗೋಡೆಗೆ ತಾಗಿ ಮೇಲ್ಗಡೆ ಉದ್ದಕ್ಕೂ ಸೀಳು. ಉಗುರು ಹಾಕಿದ, ಒಳಗೆ ಹೋಯಿತು.

“ಸಿಮೆಂಟ್ ಹಾಲು ಬಳಿದ್ರೆ ಸಾಕೇನೋ?” ಕೆಳಗಿನಿಂದ ಹೆಗಡೆಯವರು.

ಸಾಕು ಎಂದು ಅಲ್ಲಿಂದ ಕಂಬಿ ಕೀಳಬಹುದಿತ್ತು. ಕೆಲಸ ಕಾಂಕ್ರೀಟಿನದಾದರೂ ಮನಸ್ಸು ಮರಗಟ್ಟಿತ್ತು. ಹೆದರಿಕೆಯೂ ಬರಲಿಲ್ಲ, ನಾಚಿಕೆಯೂ ಬರಲಿಲ್ಲ.

“ಅಮ್ಮಾ, ಮಿಷನ್ ಒಳಗೆ ತಗಳಿ.”

“ಎಂತಕ್ಕೆ? ಇದೊಂದು ತೋಳು ಮುಗಿಸ್ತೆ, ತಡಿ.”

“ಈಗ್ಲೇ ತಗಳಿ. ಇದು ಬೀಳ್ತದೆ.”

ಯಂತ್ರದ ಸದ್ದು ನಿಂತಿತು.

“ನೀನೇ ಹಾಕಿದ್ದಲ್ವನಾ?” ಎಂದರು ಹೆಗಡೆಯವರು.

“ನಾನೇ ಹೆಗಡೇರೆ. ಕಂಬಿ ಕೆಳಗೆ ಕೂತಿದೆ. ಅವತ್ತೇ ಗೊತ್ತಿತ್ತು.”

“ಅವತ್ತೇ ಗೊತ್ತಿತ್ತಡ!” ಪರಿಮಳಾ ಗಂಡನ ಕಡೆ ತಿರುಗಿದರು. “ಹನ್ನೊಂದು ವರ್ಷ ಇದರಡಿಗೇ ಕೂತ್ಗಂಡು ಹೊಲದ್ದು ಆನು!”

ದಬ್ಬೆಯ ಮಾತನ್ನು ಕೆರಿಯಪ್ಪ ಎತ್ತಲಿಲ್ಲ. ಹೆಗಡೆಯವರೂ ಎತ್ತಲಿಲ್ಲ, ಅಂಗಳದ ಬೇಲಿ ನೋಡುತ್ತ ನಿಂತರು.

ಚಜ್ಜದ ಕೆಳಗೆ ಆನಿಕೆಯ ಕಂಬ ಕೊಟ್ಟು ಮರುದಿನದಿಂದ ಅವನೇ ಒಡೆದ. ಮೂರು ದಿನ ಹಿಡಿಯಿತು. ತುದಿಯ ಕಾಂಕ್ರೀಟು ಸುತ್ತಿಗೆಯನ್ನೇ ಹಿಂದಕ್ಕೆ ಎಸೆಯುವಷ್ಟು ಗಟ್ಟಿ; ಅದರೊಳಗಿನ ಕಂಬಿ ಅಂಗಡಿಯಿಂದ ತಂದ ಹಾಗೇ ನೀಲಿ. ಗೋಡೆಯ ಬಳಿ ಮಾತ್ರ ದಬ್ಬೆ ಕೊಳೆತು ಅದರ ಆಕಾರದ ಪೊಳ್ಳುಗಳು ಉಳಿದಿದ್ದವು. ಅಲ್ಲಿ ನೀರು ನಿಂತು, ಕಂಬಿ ಉಜ್ಜಿದರೆ ಪದರ ಪದರವಾಗಿ ಉದುರುತ್ತಿತ್ತು.

ಮೂರನೇ ದಿನ ಒಳಗಿನಿಂದ ಹೆಗಡೆಯವರ ಫೋನಿನ ಮಾತು ಕೇಳಿಸಿತು: “ಮೇಸ್ತ್ರಿ ಬೇರೆ ನೋಡಾ ತಮಾ. ಇವ ಬ್ಯಾಡ.” ಕೆರಿಯಪ್ಪ ಉಳಿಯನ್ನು ಸರಿಮಾಡಿಕೊಂಡು ಮುಂದಿನ ಏಟು ಹಾಕಿದ.

ಆ ರಾತ್ರಿ ಮನೆಯಲ್ಲಿ ಹೆಂಡತಿ ಗಂಗೆ ಅನ್ನ ಬಡಿಸಿದಳು.

“ಮಂಚಿಕೇರಿ ಕೆಲ್ಸ ಯಾವತ್ತಿಂದ?”

“ಅದಿಲ್ಲ. ತ್ಯಾಗಲಿ ಚಜ್ಜ ನಂದೇ ತಪ್ಪು ಅಂದೆ.”

“ಅನ್ನದೇ ಇದ್ದಿದ್ರೆ?”

“ಅಮ್ಮೋರ ತಲೆ ಮೇಲೆ ಬೀಳ್ತಿತ್ತು.”

ಗಂಗೆ ಸಾರಿನ ಪಾತ್ರೆಗೆ ಸೌಟು ಇಳಿಸಿದಳು. “ಸುಮ್ನಿದ್ದಿದ್ರೆ ಕೆಲ್ಸ ಸಿಗ್ತಿತ್ತು” ಎಂದಳು, ಬೈದ ಹಾಗಲ್ಲ, ನಾಳೆ ಮೋಡ ಎಂದ ಹಾಗೆ.

“ಹೂಂ.”

ಸಾರು ಹಾಕಿದಳು. ಅವನು ಕಲಸಿಕೊಂಡು ಉಂಡ.