ಕುಂಥುನಾಥ ಕಾಕಾನ ಕಾರಿನೊಳಗಿನ ದುಂಬಿ

ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ಕುಂಥುನಾಥ ಕಾಕಾ ಒಂದು ಚಮಚ ಕೊಂಡರೂ ಓಣಿಗೆಲ್ಲ ತೋರಿಸುವ ಮನುಷ್ಯ. ಅಂಥವರು ೧೯೩೯ರಲ್ಲಿ ಕಾರು ಕೊಂಡು, ಕೊಲ್ಹಾಪುರದಲ್ಲಿ ಅದಕ್ಕೊಂದು ರೇಡಿಯೊ ಕೂಡಿಸಿಕೊಂಡು ಬಂದರೆ ಕೇಳಬೇಕೆ? ಹೆಂಡತಿ ರಾಜಮತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ರೇಡಿಯೊ ಹಾಡಿಸುತ್ತ, ಇಚಲಕರಂಜಿಯ ಮಾವನ ಮನೆ ಮುಂದೆ ಇಳಿಯಬೇಕು ಎಂಬುದೊಂದೇ ಅವರ ಆಸೆ. ಮಾವ ಬಾಪೂಸಾಹೇಬರು ಈ ಅಳಿಯನನ್ನು ಒಮ್ಮೆಯೂ ಹೊಗಳಿದವರಲ್ಲ. ಆ ಉರಿ ಕಾಕಾಗೆ ಮದುವೆಯಾದಾಗಿನಿಂದ ಇತ್ತು.

ಆದರೆ ಆ ದರಿದ್ರ ರೇಡಿಯೊ! ಕಾರು ನಿಂತಾಗ ಚೆಂದಾಗಿ ಹಾಡುತ್ತಿತ್ತು. ಇಂಜಿನ್ ಚಾಲೂ ಆದರೆ ಸಾಕು, ಹಾಡಿನ ಹಿಂದೆ 'ಗುಂಯ್' ಎಂದು ಶುರು. ವೇಗ ಹೆಚ್ಚಿದಷ್ಟೂ ಅದೂ ಕಿರುಚುತ್ತಿತ್ತು. ಮೊದಲ ದಿನವೇ ರಾಜಮತಿ ಕಾಕು ಕಾರು ನಿಲ್ಲಿಸಲು ಹೇಳಿ ಇಳಿದುಬಿಟ್ಟರು.

"ರೀ, ಒಳಗ ದುಂಬಿ ಸಿಕ್ಕೊಂಡೈತ್ರಿ! ನೀವು ಗಾಡಿ ಓಡಿಸಿದಂಗೆಲ್ಲ ಅದಕ್ಕ ಎಷ್ಟ ತ್ರಾಸ ಆಗಾಕತ್ತೈತಿ!"

"ಏ ಹುಚ್ಚಿ, ಅದು ಇಂಜಿನ್ನಿನ ಆವಾಜ!"

"ಇಂಜಿನ್ನಿಗೆ ಗಂಟಲ ಐತೇನ್ರಿ? ಜೀವ ಅದು. ನಾ ಕೂಡಂಗಿಲ್ಲ."

ನೀರು ಸೋಸಿ ಕುಡಿಯುವ, ಇರುವೆ ನೋಡಿ ಹೆಜ್ಜೆ ಇಡುವ ಜೈನರ ಹೆಂಗಸು. ಒಪ್ಪಿಸುವುದು ಸುಮ್ಮನೆ ಮಾತೇ? ರೇಡಿಯೊ ಬಂದ್ ಮಾಡಿ ತೋರಿಸಿದರೆ, "ಈಗ ಅದರ ಬಾಯಿ ಕಟ್ಟಿದ್ರಿ" ಎಂದು ಇನ್ನಷ್ಟು ಕಂಗಾಲಾದರು. ಕಾಕಾ ರೇಡಿಯೊ ಪೆಟ್ಟಿಗೆಗೆ ಕಂಬಳಿ ಸುತ್ತಿದರು. ಹಾಡು ಕೇಳದಾಯಿತು, ಗುಂಯ್ ಕೇಳುತ್ತಲೇ ಇತ್ತು.

ಕೊನೆಗೆ ಕೊಲ್ಹಾಪುರದ ರೇಡಿಯೊ ಮೇಸ್ತ್ರಿ ನಾಮದೇವ ಬಂದ. ಬ್ಯಾಟರಿಗೆ ಕರೆಂಟು ತುಂಬುವ ಡೈನಮೊದ ಸದ್ದು ಹಾಡಿನೊಳಗೆ ನುಗ್ಗುತ್ತಿದೆ ಎಂದ. ಡೈನಮೊಕ್ಕೆ ಆ ಸದ್ದು ತಡೆಯುವ ಒಂದು ಕಂಡೆನ್ಸರ್ ಕೂಡಿಸಿ, ರೇಡಿಯೊದ ಅರ್ಥ್ ವೈರು ಕೂಡುವ ಕಡೆ ಕಾರಿನ ಬಣ್ಣ ಕೆರೆದು ಬಿಗಿದ. ಇಂಜಿನ್ ಜೋರು ಮಾಡಿದರೂ ಬರೀ ಹಾಡು! ಕಾಕಾ ಅಂಗಳದಲ್ಲೇ ಕುಣಿದರು.

ಕಾಕು ಕಿವಿಗೊಟ್ಟು ಕೇಳಿದರು. ಮುಖ ಬಿಳಿಚಿತು.

"ಅಯ್ಯಯ್ಯ, ಸತ್ತೇ ಹೋತಲ್ರಿ!"

"ಇರಲೇ ಇಲ್ಲ, ಸಾಯೂದೆಲ್ಲಿ?" ಕಾಕಾ ಹಣೆ ಚಚ್ಚಿಕೊಂಡರು.

"ಮತ್ತ ಇಷ್ಟ ದಿನಾ ಒದರಾಕತ್ತಿದ್ದು ಯಾರು? ನಿಮ್ಮಜ್ಜ ಏನು?"

ನಾಮದೇವ ಚೀಲ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ. ಕಾಕು ಹೊಟ್ಟೆ ತುಂಬ ಅತ್ತರು, ಣಮೋಕಾರ ಮಂತ್ರ ಹೇಳಿದರು, ಮುಖ ತೊಳೆದುಕೊಂಡು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತರು.

"ಇನ್ನ ಯಾರಿಗೆ ತ್ರಾಸ ಆಗಬೇಕ್ರಿ? ನಡೀರಿ ಇಚಲಕರಂಜಿಗೆ."

ಕಾಕಾಗೆ ಆದ ಖುಷಿ ಅಷ್ಟಿಷ್ಟಲ್ಲ. ಹಾಡುವ ಗಾಡಿ ತರುತ್ತಿದ್ದೇನೆ ಎಂದು ಮಾವನಿಗೆ ತಂತಿ ಹೊಡೆದು ಹೊರಟರು. ಊರು ದಾಟಿದ್ದೇ ರೇಡಿಯೊಕ್ಕೆ ಕೈ ಹಾಕಿದರು. ಕಾಕು ಆ ಕೈಯನ್ನು ಹಿಡಿದುಕೊಂಡರು.

"ಜೀವ ಹೋಗೇತಿ ಇದರಾಗ. ಹಾಡ ಹಚ್ಚತೀರಿ? ಮನಷ್ಯಾರ ಹೌದೋ ಅಲ್ಲೋ ನೀವು?"

ಇಚಲಕರಂಜಿಯಲ್ಲಿ ಬಾಪೂಸಾಹೇಬರು ಓಣಿಯ ಮಂದಿಯನ್ನೆಲ್ಲ ಕೂಡಿಸಿಕೊಂಡು ಬಾಗಿಲಲ್ಲೇ ಕಾದಿದ್ದರು.

"ಏನ್ರಿ ಅಳಿಯಂದ್ರ, ಹಾಡೂ ಗಾಡಿ ಅಂದಿದ್ರಿ. ಎಲ್ಲಿ, ಹಾಡಸ್ರಿ ನೋಡೂಣು!"

ಕಾಕಾ ಹೆಂಡತಿಯ ಕೆಂಪು ಕಣ್ಣುಗಳನ್ನು ನೋಡಿದರು, ಸೇರಿದ ಮಂದಿಯನ್ನು ನೋಡಿದರು.

"ಇವತ್ತ ಆಗಂಗಿಲ್ರಿ, ಮಾವಾರ," ಎಂದರು. "ಗಾಡಿಗೆ ಸೂತಕ ಐತ್ರಿ."