ಅರವತ್ಮೂರು ಗಂಟೆ

ರೆಮೆ ಆಂಟಿ ಇಪ್ಪತ್ತೆರಡು ವರ್ಷ ಅಮೆರಿಕದ ನೌಕಾಪಡೆಯ ಉಗ್ರಾಣ ನೋಡಿಕೊಂಡು, ನಿವೃತ್ತರಾಗಿ ನಮ್ಮ ಗುವಾಮ್ ದ್ವೀಪಕ್ಕೆ ವಾಪಸಾದವರು. ಮಧ್ಯಾಹ್ನ ಎರಡೂವರೆ ಎಂಬ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿಲ್ಲ. ಹದಿನಾಲ್ಕು ಮೂವತ್ತು ಎನ್ನುತ್ತಿದ್ದರು. ಮದುವೆ ಊಟಕ್ಕೆ ಕರೆದರೂ ಹದಿನೆಂಟು ನೂರಕ್ಕೆ, ಅಂದರೆ ಸಂಜೆ ಆರಕ್ಕೆ, ಸರಿಯಾಗಿ ಬಂದು, ಕೆಂಪನ್ನ ಇನ್ನೂ ಒಲೆಯ ಮೇಲಿರುವುದನ್ನು ಕಂಡು ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದರು. ನಮ್ಮ ಡಯಾಲಿಸಿಸ್ ಕೇಂದ್ರದಲ್ಲಿ ರೋಗಿಗಳನ್ನು ಕರೆತರುವ ವ್ಯಾನಿನ ವೇಳಾಪಟ್ಟಿ ಅವರ ಕೈಯಲ್ಲಿತ್ತು, ವ್ಯಾನಿನ ಸ್ಟೀರಿಂಗ್ ನನ್ನ ಕೈಯಲ್ಲಿ.

ದಾದಿಯರು ಸಮಯವನ್ನು ಮಿಲಿಟರಿ ಲೆಕ್ಕದಲ್ಲೇ ಕೊಡುತ್ತಿದ್ದರು, ನಡುವೆ ಚುಕ್ಕಿಯಿಲ್ಲದ ನಾಲ್ಕು ಅಂಕಿ. ನನ್ನಂಥ ದಡ್ಡ ಡ್ರೈವರ್‌ಗಳಿಗೆ ಬೆಳಿಗ್ಗೆ, ಮಧ್ಯಾಹ್ನ ಎಂದು ಬಿಡಿಸಿ ಹೇಳಬೇಕು. ಅದಕ್ಕೆ ಆಂಟಿ ಸ್ಪ್ರೆಡ್‌ಶೀಟ್‌ನಲ್ಲಿ ತಾವೇ ಒಂದು ಸೂತ್ರ ಕಟ್ಟಿದರು: ಎಡಗಡೆಯ ಎರಡು ಅಂಕಿ ಗಂಟೆ, ಬಲಗಡೆಯ ಎರಡು ನಿಮಿಷ. ೧೪೩೦ ಹಾಕಿದರು, ಮಧ್ಯಾಹ್ನ ಎರಡೂವರೆ ಬಂತು. ೦೫೩೦ ಹಾಕಿದರು, ಬೆಳಿಗ್ಗೆ ಐದೂವರೆ ಬಂತು. ಬೆಳಗಿನ ಪಾಳಿಯವರೆಲ್ಲ ಐದೂವರೆಯವರೇ. 'ನೋಡಿದ್ಯಾ' ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಏಳು ತಿಂಗಳು ಆ ಹಾಳೆ ಒಂದು ನಿಮಿಷವೂ ತಪ್ಪಲಿಲ್ಲ.

ಇನರಾಹನ್ ಹಳ್ಳಿಯ ಗ್ರೆಗೋರಿಯೋ ಕಿನಾಟಾ ಬೆಳಗಿನ ಪಾಳಿಯವರಲ್ಲಿ ಒಬ್ಬರು. ನಮ್ಮಲ್ಲಿ ಹಿರಿಯರನ್ನು ಬರೀ ಹೆಸರು ಹಿಡಿದು ಕರೆದರೆ ಕಪಾಳಕ್ಕೆ ಬೀಳುತ್ತದೆ, ಅದಕ್ಕೇ ಗೌರವದ ತುನ್ ಸೇರಿಸಿ ಎಲ್ಲರಿಗೂ ಅವರು ತುನ್ ಗೋಯೋ. ಅವರೂ ನೌಕಾಪಡೆಯ ಹಡಗಿನಲ್ಲಿ ಅಧಿಕಾರಿಗಳಿಗೆ ಬಡಿಸಿ ಬಂದವರು. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಊರಿನ ಚರ್ಚಿನ ಬಾಗಿಲು ತೆಗೆಯುವ ಕೀಲಿ ಅವರ ಸೊಂಟದಲ್ಲಿತ್ತು. ಹೆಂಡತಿಗೆ ಕೊನೆಗಾಲದಲ್ಲಿ ಮರೆವು ಬಂದು ಗಂಡನ ಗುರುತೂ ಸಿಗದೆ ಹೋದದ್ದನ್ನು ಕಣ್ಣಾರೆ ಕಂಡವರು. ತಮಗೂ ಹಾಗಾದೀತೆಂಬ ಒಂದೇ ಭಯ ಅವರಿಗೆ.

ಮಾರ್ಚ್‌ನಲ್ಲಿ ದಾದಿಯರು ಹಾಳೆಯಲ್ಲಿ ಅವರ ಸಮಯವನ್ನು ೦೬೩೦ಕ್ಕೆ ಬದಲಿಸಿ, ಅವರಿಗೂ ಹೇಳಿ ಕಳಿಸಿದ್ದರು. ಸೋಮವಾರ ನನ್ನ ಹಾಳೆಯಲ್ಲಿ ಅವರ ಹೆಸರಿನ ಮುಂದೆ ಮಧ್ಯಾಹ್ನ ಮೂರೂವರೆ ಎಂದಿತ್ತು, ಪಾಳಿಯೇ ಬದಲಾಗಿದೆ ಎಂದುಕೊಂಡೆ. ಬೆಳಿಗ್ಗೆ ಆರೂವರೆ ಹೊತ್ತಿಗೆ, ಐದೂವರೆಯಿಂದ ಒಬ್ಬೊಬ್ಬರಾಗಿ ಹತ್ತಿಸಿಕೊಂಡವರ ಜೊತೆ ಅವರ ಮನೆ ಮುಂದೆಯೇ ಹೋದೆ. ಜಗುಲಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುದುಕರು ನನ್ನನ್ನು ಕಂಡು ಎದ್ದು ನಿಂತರು. ನಾನು ನಗುತ್ತಾ ಕೈ ಬೀಸಿ ಮುಂದೆ ಹೋದೆ.

ಅವರು ಕೇಂದ್ರಕ್ಕೆ ಫೋನ್ ಮಾಡಿದರಂತೆ. ಆಂಟಿ ಹಾಳೆ ನೋಡಿ, ನಿಮ್ಮ ಸಮಯ ಹದಿನೈದು ಮೂವತ್ತು ತುನ್, ನಿಮಗೆ ಮರೆತುಹೋಗಿದೆ ಎಂದರು. ಮೂರೂವರೆಗೆ ಕರೆತಂದಾಗ ಅವರ ಕುರ್ಚಿಯಲ್ಲಿ ಬೇರೆಯವರಿದ್ದರು. ಬುಧವಾರ ಬನ್ನಿ ಎಂದು ವಾಪಸು ಕಳಿಸಿದರು. ಬುಧವಾರದ ಹೊತ್ತಿಗೆ ಎದೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದ್ದರು. ಮೇಲಿನವರು ಕಾರಣ ಕೇಳಿದಾಗ ಆಂಟಿಯೇ ಬರೆದುಕೊಟ್ಟರು: ರೋಗಿಗೆ ಸಮಯದ ಗೊಂದಲ.

ದಾದಿಯೊಬ್ಬಳು, ಆರೂವರೆಗೆ ಯಾಕೆ ಕರೆತರಲಿಲ್ಲ ಎಂದು ಕೇಳಿದಾಗಲೇ ಆಂಟಿ ಸೂತ್ರ ಬಿಚ್ಚಿ ನೋಡಿದ್ದು. ಶೀಟು ಮೊದಲ ಸೊನ್ನೆಯನ್ನು ನುಂಗಿ ೬೩೦ ಎಂದು ಇಟ್ಟುಕೊಂಡಿತ್ತು. ಎಡಗಡೆಯ ಎರಡು ಅಂಕಿ, ಅಂದರೆ ಅರವತ್ಮೂರು ಗಂಟೆ. ಅದರಲ್ಲಿ ಎರಡು ದಿನದ ನಲವತ್ತೆಂಟು ಗಂಟೆ ಕಳೆದು, ಉಳಿದ ಹದಿನೈದನ್ನು ತೋರಿಸಿತ್ತು. ಹಾಗಾದರೆ ಐದೂವರೆ ಹೇಗೆ ಸರಿ ಬರುತ್ತಿತ್ತು? ಐವತ್ಮೂರರಲ್ಲಿ ನಲವತ್ತೆಂಟು ಕಳೆದರೆ ಐದು! ತಪ್ಪು ಲೆಕ್ಕ ಏಳು ತಿಂಗಳು ಸರಿ ಉತ್ತರ ಕೊಟ್ಟಿತ್ತು. ಆಂಟಿ ಸೂತ್ರವನ್ನು ಐದು ನಿಮಿಷದಲ್ಲಿ ಸರಿಮಾಡಿದರು. ಬಾಯಿ ಬಿಡಲು ಮೂರು ವಾರ ಬೇಕಾಯಿತು. ನನಗೆ ಮಾತ್ರ ಹೇಳಿದ್ದರು, ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಇಬ್ಬರೂ ಹೆಗಲು ಮುಟ್ಟಿ ನೋಡಿಕೊಳ್ಳುವವರೇ.

ಆಸ್ಪತ್ರೆಯಿಂದ ಮನೆಗೆ ಬಂದ ತುನ್ ಗೋಯೋ ಚರ್ಚಿನ ಕೀಲಿಯನ್ನು ಪಾದ್ರಿಗೆ ಒಪ್ಪಿಸಿದರು, ತಲೆ ನಂಬುವಂತಿಲ್ಲ ಎಂದರಂತೆ ಎಂಬ ಸುದ್ದಿ ಬಂದ ದಿನ ಆಂಟಿ ಮಧ್ಯಾಹ್ನದ ಊಟ ಮುಟ್ಟಲಿಲ್ಲ. 'ನಡಿಯೋ, ವ್ಯಾನ್ ತೆಗಿ' ಎಂದರು.

ನಮ್ಮಲ್ಲಿ ಹಿರಿಯರ ಮನೆಗೆ ಹೋದರೆ ಮೊದಲು ಅವರ ಕೈ ಹಿಡಿದು ಮೂಗಿಗೆ ತಾಗಿಸಿ ಆಶೀರ್ವಾದ ಪಡೆಯಬೇಕು. ತುನ್ ಗೋಯೋ ಕೈ ಚಾಚಿದರು. ಆಂಟಿ ತಮ್ಮ ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡರು. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ಸೋಮವಾರದ ಚೌಕದಲ್ಲಿ ೦೬೩೦ ಎಂದು ದುಂಡಗೆ ಬರೆದಿತ್ತು. ಅದನ್ನು ಹೊಡೆದುಹಾಕಿ, ಕೆಳಗೆ ೧೫೩೦ ಎಂದು ತಿದ್ದಿತ್ತು.

'ನೀವು ಬರ್ಕೊಂಡಿದ್ದೇ ಸರಿ ತುನ್' ಎಂದರು ಆಂಟಿ. 'ನನ್ನ ಶೀಟು ತಪ್ಪು. ಗೊತ್ತಾದ್ಮೇಲೂ ಮೂರು ವಾರ ಸುಮ್ನಿದ್ದೆ. ನಿಮ್ಗೇ ಮರೆವು ಅಂತ ಬರ್ದೂ ಕೊಟ್ಟೆ.' ಅರವತ್ಮೂರು ಗಂಟೆಯ ಕಥೆಯನ್ನೂ ಹೇಳಿದರು. ಸಮಜಾಯಿಷಿ ಕೊಡಲಿಲ್ಲ. ಬರೆದುಕೊಟ್ಟದ್ದನ್ನು ಈ ಬೆಳಿಗ್ಗೆ ವಾಪಸು ತೆಗೆಸಿದ್ದೇನೆ, ಪಾದ್ರಿಗೂ ನಾನೇ ಹೋಗಿ ಹೇಳುತ್ತೇನೆ ಎಂದರು.

ಮುದುಕರು ಕ್ಯಾಲೆಂಡರಿನ ಹತ್ತಿರ ಹೋಗಿ, ಹೊಡೆದುಹಾಕಿದ್ದ ಅಂಕಿಯ ಮೇಲೆ ಬೆರಳಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಆಂಟಿಯನ್ನು ಬಿಟ್ಟು ನನ್ನ ಕಡೆ ತಿರುಗಿದರು.

'ಹಾಗಾದ್ರೆ ಅವತ್ತು ಬೆಳಿಗ್ಗೆ ನೀನು ವ್ಯಾನಲ್ಲಿ ಬಂದಿದ್ದು, ಕೈ ಬೀಸಿ ಹೋಗಿದ್ದು, ಅದೂ ನಿಜಾನೇನಪ್ಪ?'

'ನಿಜ ತುನ್' ಎಂದೆ.

'ಅದನ್ನೂ ಕನಸು ಅಂದ್ಕೊಂಬಿಟ್ಟಿದ್ದೆ. ಮಗಳ ಹತ್ರ ಹೇಳೋಕೂ ಭಯ ಆಯ್ತು.'

ಅವರು ಮತ್ತೆ ಕೈ ಚಾಚಿದರು. ಆಂಟಿ ಈ ಸಲ ಅದನ್ನು ಹಿಡಿದು ಮೂಗಿಗೆ ತಾಗಿಸಿಕೊಂಡು ಅತ್ತರು. ನನ್ನ ಸರದಿ ಬಂದಾಗ, ಆ ಬೆಳಿಗ್ಗೆ ಬೀಸಿದ ಕೈಯನ್ನು ಮುಂದೆ ಮಾಡಲು ನನಗೆ ಆಗಲಿಲ್ಲ.