ಮಾರಾಟಕ್ಕಿಲ್ಲದ ಚಾಕು

ಬಂಧುಗಳೇ, ಇವತ್ತು ಬೆಳಿಗ್ಗೆ ಬೆಟಗೇರಿಯ ಬಜಾರದಲ್ಲಿ ಒಂದು ಚಾಕುವಿಗಾಗಿ ಜಗಳಾಡಿ ಬಂದೆ.

ನೇಯ್ಗೆ ಬಿಟ್ಟಾಗಿನಿಂದ ನನ್ನ ಕೈ ಸುಮ್ಮನೆ ಕೂರುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ತೆರೆದು ಮುಚ್ಚಿ ಆಡಿಸುತ್ತಿರಲು ಒಂದು ಮಡಚುವ ಚಾಕು ಬೇಕಿತ್ತು. ಅಂಗಡಿಯ ಈರಣ್ಣ ಒಂಬತ್ತು ಚಾಕು ಮುಂದಿಟ್ಟ. ಕೆಲವು ಬಿಗಿ, ಕೆಲವು ಸಡಿಲು, ಒಂದಕ್ಕಂತೂ ಸದ್ದೇ ಇಲ್ಲ.

"ಕಾಕಾರ, ಎಲ್ಲಾರೂ ಹರಿತ ನೋಡ್ತಾರ. ನೀವೇನ್ರಿ, ಕಿವಿಗೆ ಹಿಡದು ಕೇಳಾಕತ್ತೀರಿ?"

"ನಂಗೇನು ಕೊಯ್ಯೂದೈತೋ ತಮ್ಮಾ? ಮಗ್ಗದಾಗ ಲಾಳಿ ಓಡಿದಂಗ ಓಡಬೇಕು, ಕೊನಿಗೆ ಟಕ್ ಅನಬೇಕು."

ಅಷ್ಟರಲ್ಲಿ ಎಲ್ಲೋ ಟಕ್ ಎಂದಿತು. ನೋಡಿದರೆ, ಮಾತಾಡುತ್ತಲೇ ಈರಣ್ಣನೂ ಒಂದು ಹಳೆಯ ಚಾಕು ಆಡಿಸುತ್ತಿದ್ದ! ಕಸಿದುಕೊಂಡೆ. ಹೆಬ್ಬೆರಳು ತಾಕಿದ್ದೇ ತಡ, ಮೆತ್ತಗೆ ತೆರೆಯಿತು. ಮುಚ್ಚಿದರೆ ತುಂಬು ಸದ್ದು.

"ಇದನ್ನ ಕೊಡು."

"ಅದು ಮಾರಾಕಲ್ರಿ, ನಂದು. ಎರಡು ವರ್ಷ ಆಡಿಸಿ ಆಡಿಸಿ ಹಂಗಾಗೇತ್ರಿ."

"ಹಿರ್ಯಾ ಕೇಳಾಕತ್ತೀನಿ, ಇಲ್ಲಂತೀಯೇನಲೇ?"

"ನಮ್ಮಪ್ಪ ಕೇಳಿದ್ರೂ ಇಲ್ರಿ!"

ಕೊನೆಗೆ ಎಲ್ಲಕ್ಕಿಂತ ಬಿಗಿಯಾದದ್ದನ್ನು ನನ್ನ ಕೈಗಿಟ್ಟು, "ಇದನ್ನ ಒಯ್ರಿ. ನಾಕು ತಿಂಗಳು ಆಡಿಸಿ ಹದಾ ಮಾಡ್ಕೊಂಡು ಬರ್ರಿ. ಛಲೋ ಆಗಿದ್ರ ನಂದಕ್ಕ ಬದಲಿ ಮಾಡೂಣು" ಎಂದ. "ಆತು" ಎಂದು ದುಡ್ಡು ಕೊಟ್ಟು ತಂದೆ.

ಆಗಿನಿಂದ ಆಡಿಸುತ್ತಲೇ ಇದ್ದೇನೆ. ಹೆಬ್ಬೆರಳು ಕೆಂಪಾಗಿದೆ, ಮನೆಯವಳು ಸದ್ದು ತಾಳದೆ ಆಚೆ ಕೋಣೆಗೆ ಹೋಗಿದ್ದಾಳೆ, ಚಾಕು ಮಾತ್ರ ತುಸು ಮಣಿದಿದೆ. ನಿಮಗಷ್ಟೇ ಹೇಳುತ್ತೇನೆ: ಇಷ್ಟು ಕಷ್ಟಪಟ್ಟು ಹದ ಮಾಡಿದ ಮೇಲೆ, ಈರಣ್ಣ ಮನೆಗೇ ಬಂದು ಕೇಳಿದರೂ ನಾನು ಇದನ್ನು ಕೊಡುವವನಲ್ಲ.